ಎಫ್‌ಎ ಕಪ್ ದೂರದಿಂದ ನೋಡುವವರಿಗೆ: ಸುತ್ತು, ಚೀಟಿ, ಚಾನೆಲ್, ಸಮಯ

2026ರ ಜನವರಿ 10ರಂದು ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡ್ ಎಂಬ ಊರಿನ ಫುಟ್‌ಬಾಲ್ ಕ್ಲಬ್ಬು ಕ್ರಿಸ್ಟಲ್ ಪ್ಯಾಲೆಸನ್ನು 2-1ರಿಂದ ಸೋಲಿಸಿತು. ಪ್ಯಾಲೆಸ್ ಇಂಗ್ಲೆಂಡಿನ ಎಲ್ಲಕ್ಕಿಂತ ಮೇಲಿನ ದರ್ಜೆಯಾದ ಪ್ರೀಮಿಯರ್ ಲೀಗಿನ ತಂಡ. ಅದೂ ಸಾಲದು ಅಂತ, ಎಂಟು ತಿಂಗಳ ಹಿಂದಷ್ಟೇ ಇದೇ ಎಫ್‌ಎ ಕಪ್ಪನ್ನು ಗೆದ್ದು ಮನೆಗೆ ಒಯ್ದವರು. ಮ್ಯಾಕಲ್ಸ್‌ಫೀಲ್ಡ್ ಆಗ ಆಡುತ್ತಿದ್ದುದು ಆರನೇ ದರ್ಜೆಯಲ್ಲಿ. ಹಾಲಿ ಚಾಂಪಿಯನ್ನರನ್ನು ನಾನ್-ಲೀಗ್, ಅಂದರೆ ಮೇಲಿನ ದರ್ಜೆಗಳ ಹೊರಗಿನ ತಂಡವೊಂದು ಮನೆಗೆ ಕಳಿಸಿದ್ದು 1909ರ ನಂತರ ಇದೇ ಮೊದಲು. 1909ರಲ್ಲಿ ಹಾಗೆ ಮಾಡಿದ್ದು ಯಾರು ಗೊತ್ತಾ? ಇದೇ ಕ್ರಿಸ್ಟಲ್ ಪ್ಯಾಲೆಸ್.

ಪ್ರೀಮಿಯರ್ ಲೀಗ್ ನೋಡುವ ಕನ್ನಡಿಗರು ಈಗ ಬೇಕಾದಷ್ಟು ಜನ ಇದ್ದಾರೆ. ಬೆಂಗಳೂರು, ಮಂಗಳೂರಿನಲ್ಲಿ ಇದ್ದಾರೆ. ದುಬೈ, ನ್ಯೂಜೆರ್ಸಿ, ಸಿಂಗಪುರದಲ್ಲೂ ಇದ್ದಾರೆ. ಆದರೆ ಜನವರಿ ಬಂದು ಕಪ್ಪಿನ ಮ್ಯಾಚು ಶುರುವಾದರೆ ಅವರಲ್ಲಿ ಅರ್ಧಕ್ಕರ್ಧ ಜನರಿಗೆ ಗೊಂದಲ. ಈ ಟೀಮು ಎಲ್ಲಿಂದ ಬಂತು? ದೊಡ್ಡವರ ಜೊತೆ ಇವರನ್ನು ಆಡಿಸಿದ್ದು ಯಾರು? ದಿನಾ ನೋಡುವ ಆ್ಯಪ್‌ನಲ್ಲಿ ಈ ಮ್ಯಾಚು ಯಾಕೆ ಇಲ್ಲ? ಹೋದ ವಾರ ಎಂಟೂವರೆಗೆ ಇದ್ದದ್ದು ಈ ವಾರ ಏಳೂವರೆಗೆ ಹೇಗೆ ಬಂತು? ಒಂದೊಂದಾಗಿ ನೋಡೋಣ.

ಲೀಗ್ ಬೇರೆ, ಕಪ್ ಬೇರೆ

ಲೀಗಿನಲ್ಲಿ ಎಲ್ಲರೂ ಎಲ್ಲರ ಜೊತೆ ಎರಡು ಸಲ ಆಡುತ್ತಾರೆ. ಗೆದ್ದರೆ ಮೂರು ಪಾಯಿಂಟು, ಡ್ರಾ ಆದರೆ ಒಂದು. ವರ್ಷದ ಕೊನೆಗೆ ಜಾಸ್ತಿ ಪಾಯಿಂಟು ಇದ್ದವರು ಚಾಂಪಿಯನ್. ಒಂದು ಮ್ಯಾಚು ಸೋತರೆ ಮುಂದಿನ ವಾರ ಸರಿ ಮಾಡಿಕೊಳ್ಳಬಹುದು.

ಕಪ್ಪಿನಲ್ಲಿ ಪಾಯಿಂಟು ಅನ್ನೋದೇ ಇಲ್ಲ. ಸೋತವರು ಅವತ್ತೇ ಹೊರಗೆ, ಗೆದ್ದವರು ಮುಂದಿನ ಸುತ್ತಿಗೆ. ನಮ್ಮ ಊರಿನ ಟೂರ್ನಮೆಂಟುಗಳಲ್ಲಿ ನಾಕೌಟ್ ಅನ್ನುತ್ತೇವಲ್ಲ, ಅದೇ ಪದ್ಧತಿ. ಎರಡೂ ಒಂದೇ ಸೀಸನ್ನಿನಲ್ಲಿ ಅಕ್ಕಪಕ್ಕದಲ್ಲೇ ನಡೆಯುತ್ತವೆ. ಶನಿವಾರ ಲೀಗ್ ಆಡಿದ ತಂಡವೇ ಮುಂದಿನ ಶನಿವಾರ ಕಪ್ ಆಡುತ್ತದೆ. ಆದರೆ ಒಂದರ ಲೆಕ್ಕ ಇನ್ನೊಂದಕ್ಕೆ ಸೇರುವುದಿಲ್ಲ. ಇದಕ್ಕೆ ವಿಗನ್ ಅಥ್ಲೆಟಿಕ್‌ಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. 2013ರ ಮೇ 11ರಂದು ಆ ಕ್ಲಬ್ಬು ಲಂಡನ್ನಿನ ವೆಂಬ್ಲಿ ಸ್ಟೇಡಿಯಮ್ಮಿನಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು 1-0ಯಿಂದ ಸೋಲಿಸಿ ಎಫ್‌ಎ ಕಪ್ ಗೆದ್ದಿತು. ಬೆನ್ ವಾಟ್ಸನ್ ಕೊನೇ ಗಳಿಗೆಯಲ್ಲಿ ತಲೆಯಿಂದ ಹೊಡೆದ ಗೋಲು ಅದು. ಮೂರೇ ದಿನ ಕಳೆದು ಆರ್ಸೆನಲ್ ಎದುರು ಸೋತು ಪ್ರೀಮಿಯರ್ ಲೀಗಿನಿಂದ ಕೆಳಗಿನ ದರ್ಜೆಗೆ ಇಳಿಯಿತು. ಒಂದೇ ವಾರದಲ್ಲಿ ಕಪ್ಪೂ ಬಂತು, ದರ್ಜೆಯೂ ಹೋಯಿತು.

ಎಫ್‌ಎ ಅಂದರೆ ಫುಟ್‌ಬಾಲ್ ಅಸೋಸಿಯೇಷನ್, ಇಂಗ್ಲೆಂಡಿನ ಫುಟ್‌ಬಾಲನ್ನು ನಡೆಸುವ ಸಂಸ್ಥೆ. ಅದರ ಕಾರ್ಯದರ್ಶಿ ಚಾರ್ಲ್ಸ್ ಆಲ್ಕಾಕ್ 1871ರಲ್ಲಿ ಈ ಕಪ್ಪಿನ ಯೋಚನೆಯನ್ನು ಸಭೆಯ ಮುಂದಿಟ್ಟರು. ಮೊದಲ ಫೈನಲ್ ನಡೆದದ್ದು 1872ರ ಮಾರ್ಚ್ 16ರಂದು, ಲಂಡನ್ನಿನ ಕೆನಿಂಗ್ಟನ್ ಓವಲ್‌ನಲ್ಲಿ. ವಾಂಡರರ್ಸ್ ತಂಡ ರಾಯಲ್ ಎಂಜಿನಿಯರ್ಸ್ ಎಂಬ ಸೇನಾ ತಂಡವನ್ನು 1-0ಯಿಂದ ಸೋಲಿಸಿತು. ಹೌದು, ಅದೇ ಓವಲ್. 1971ರಲ್ಲಿ ನಮ್ಮ ಬಿ.ಎಸ್. ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದುಕೊಟ್ಟ ಮೈದಾನ.

ಜಗತ್ತಿನಲ್ಲಿ ಇದಕ್ಕಿಂತ ಹಳೆಯ ಫುಟ್‌ಬಾಲ್ ಕಪ್ ಇಲ್ಲ. ಬ್ರಿಟಿಷ್ ಸೇನೆಯ ಜೊತೆ ಇಂಥ ಪಂದ್ಯಾವಳಿಗಳು ಭಾರತಕ್ಕೂ ಬೇಗನೆ ಬಂದವು. ಡ್ಯುರಾಂಡ್ ಕಪ್ 1888ರಲ್ಲಿ, ಮುಂಬೈನ ರೋವರ್ಸ್ ಕಪ್ 1891ರಲ್ಲಿ. ರೋವರ್ಸ್ ಕಪ್ಪನ್ನು ವರ್ಷಗಟ್ಟಲೆ ಗೋರಾ ಸಿಪಾಯಿಗಳ ಪಡೆಗಳೇ ಗೆಲ್ಲುತ್ತಿದ್ದವು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಹಾಗಾಗಿ ಈ ಆಟದ ಪದ್ಧತಿ ನಮಗೆ ನಿನ್ನೆ ಮೊನ್ನೆ ಟಿವಿಯಲ್ಲಿ ಪರಿಚಯ ಆದದ್ದೇನಲ್ಲ.

ಆಗಸ್ಟಿನಿಂದ ಮೇ ತನಕ: ಯಾರು ಯಾವಾಗ ಬರುತ್ತಾರೆ

ಇಂಗ್ಲೆಂಡಿನ ಫುಟ್‌ಬಾಲಿನಲ್ಲಿ ಮೇಲಿನ ನಾಲ್ಕು ದರ್ಜೆಗಳಲ್ಲಿ ಒಟ್ಟು 92 ಕ್ಲಬ್‌ಗಳಿವೆ. ಪ್ರೀಮಿಯರ್ ಲೀಗಿನಲ್ಲಿ 20, ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂಗಳಲ್ಲಿ ತಲಾ 24. ಇದರ ಕೆಳಗಿರುವುದಕ್ಕೆಲ್ಲ ಒಟ್ಟಾಗಿ ನಾನ್-ಲೀಗ್ ಅನ್ನುತ್ತಾರೆ. ಐದನೇ ದರ್ಜೆ ನ್ಯಾಷನಲ್ ಲೀಗ್, ಆರನೆಯದು ನ್ಯಾಷನಲ್ ಲೀಗ್ ನಾರ್ತ್ ಮತ್ತು ಸೌತ್. ಅಲ್ಲಿಂದ ಕೆಳಗೆ ಹೋದಂತೆ ಪ್ರದೇಶಗಳ ಲೀಗುಗಳು, ಜಿಲ್ಲೆಗಳ ಲೀಗುಗಳು. ಕೆಳಗಿನ ದರ್ಜೆಗಳಲ್ಲಿ ಆಟಗಾರರು ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಪ್ರಾಕ್ಟೀಸಿಗೆ ಬರುವವರು.

ಎಫ್‌ಎ ಕಪ್ಪಿನ ದೊಡ್ಡತನ ಇರುವುದು ಇಲ್ಲೇ. ಇವರೆಲ್ಲರೂ ಒಂದೇ ಪಂದ್ಯಾವಳಿಗೆ ಹೆಸರು ಕೊಡುತ್ತಾರೆ. ಪ್ರತಿ ವರ್ಷ 700ಕ್ಕೂ ಹೆಚ್ಚು ಕ್ಲಬ್‌ಗಳು ಸೇರುತ್ತವೆ. ಗುಬ್ಬಿಯಲ್ಲಿ ಭಾನುವಾರ ಆಡುವ ಕ್ರಿಕೆಟ್ ಟೀಮು ಒಂದೊಂದೇ ಮ್ಯಾಚು ಗೆಲ್ಲುತ್ತಾ ಬಂದು ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಎದುರು ಆಡುವ ದಾರಿ ಇದ್ದರೆ ಹೇಗಿರುತ್ತಿತ್ತು? ಇಲ್ಲಿ ಅಂಥ ದಾರಿ ನಿಯಮದಲ್ಲೇ ಇದೆ.

ಆದರೆ ಎಲ್ಲರೂ ಒಂದೇ ದಿನ ಶುರು ಮಾಡುವುದಿಲ್ಲ. ಚಿಕ್ಕವರು ಆಗಸ್ಟಿನಲ್ಲೇ ಶುರು ಮಾಡುತ್ತಾರೆ. ಮೊದಲು ಎಕ್ಸ್‌ಟ್ರಾ ಪ್ರಿಲಿಮಿನರಿ, ಆಮೇಲೆ ಪ್ರಿಲಿಮಿನರಿ, ಅದಾದ ಮೇಲೆ ನಾಲ್ಕು ಅರ್ಹತಾ ಸುತ್ತುಗಳು. ಸ್ವಲ್ಪ ಮೇಲಿನ ದರ್ಜೆಯವರು ಮಧ್ಯೆ ಮಧ್ಯೆ ಬಂದು ಸೇರಿಕೊಳ್ಳುತ್ತಾರೆ. ಈ ಆರು ಸುತ್ತು ಮುಗಿಯುವ ಹೊತ್ತಿಗೆ ಅಕ್ಟೋಬರ್ ಬಂದಿರುತ್ತದೆ, 32 ತಂಡಗಳು ಉಳಿದಿರುತ್ತವೆ. ನವೆಂಬರಿನ ಮೊದಲ ಸುತ್ತಿಗೆ ಲೀಗ್ ಒನ್, ಲೀಗ್ ಟೂನ 48 ಕ್ಲಬ್‌ಗಳು ಬಂದು 80 ಆಗುತ್ತವೆ. 80 ಹೋಗಿ 40, ಡಿಸೆಂಬರಿನ ಎರಡನೇ ಸುತ್ತು ಮುಗಿದಾಗ 20.

ಜನವರಿಯ ಮೂರನೇ ಸುತ್ತಿನಲ್ಲಿ ಪ್ರೀಮಿಯರ್ ಲೀಗ್ ಮತ್ತು ಚಾಂಪಿಯನ್‌ಶಿಪ್‌ನ 44 ಕ್ಲಬ್‌ಗಳು ಬರುತ್ತವೆ. 20 ಮತ್ತು 44 ಸೇರಿ 64. ನಮ್ಮಂಥ ದೂರದವರಿಗೆ ಕಪ್ ಕಣ್ಣಿಗೆ ಬೀಳುವುದು ಈಗಲೇ. ಆ ಹೊತ್ತಿಗೆ ಐದು ತಿಂಗಳ ಆಟ ಮುಗಿದುಹೋಗಿರುತ್ತದೆ! ಮ್ಯಾಕಲ್ಸ್‌ಫೀಲ್ಡ್ ಪ್ಯಾಲೆಸ್ ಎದುರು ನಿಂತಾಗ ಆಗಲೇ ಐದು ಸುತ್ತು ದಾಟಿ ಬಂದಿತ್ತು. ಪ್ಯಾಲೆಸ್‌ಗೆ ಅದು ಮೊದಲ ಮ್ಯಾಚು.

ಪ್ರೀಮಿಯರ್ ಲೀಗಿನ ತಂಡ ಕಪ್ ಎತ್ತಬೇಕಾದರೆ ಆರು ಸುತ್ತು ಗೆದ್ದರೆ ಸಾಕು. ತೀರಾ ಮೊದಲ ಸುತ್ತಿನಿಂದ ಬಂದವರು 14 ಸುತ್ತು ಗೆಲ್ಲಬೇಕು. ಹಾಗೆ ಗೆದ್ದವರು ಯಾರೂ ಇಲ್ಲ. ಆದರೂ ಪ್ರತಿ ಆಗಸ್ಟಿನಲ್ಲಿ ನೂರಾರು ಕ್ಲಬ್‌ಗಳು ಹೆಸರು ಕೊಡುತ್ತವೆ. ಅವರ ಲೆಕ್ಕವೇ ಬೇರೆ. ಪ್ರತಿ ಸುತ್ತು ಗೆದ್ದಾಗಲೂ ಎಫ್‌ಎ ಬಹುಮಾನದ ಹಣ ಕೊಡುತ್ತದೆ. ಒಂಬತ್ತನೇ ದರ್ಜೆಯ ಕ್ಲಬ್ಬಿಗೆ ಎರಡು ಸುತ್ತು ಗೆದ್ದ ಹಣ ಅಂದರೆ ಮೈದಾನದ ರಿಪೇರಿಗೋ ಬಸ್ಸಿನ ಬಾಡಿಗೆಗೋ ಆಗುವ ದುಡ್ಡು.

ಚೀಟಿ ಎತ್ತುವ ದಿನ

ಯಾರು ಯಾರ ಜೊತೆ ಆಡಬೇಕು ಅನ್ನುವುದನ್ನು ನಿರ್ಧರಿಸುವುದು ಬರೀ ಅದೃಷ್ಟ. ಮೂರನೇ ಸುತ್ತಿಗೆ 64 ಚೆಂಡುಗಳು, ಒಂದೊಂದಕ್ಕೂ ನಂಬರು, ಒಂದೊಂದು ನಂಬರಿಗೂ ಒಂದು ಕ್ಲಬ್ಬು. ಸಾಮಾನ್ಯವಾಗಿ ಹಳೆಯ ಆಟಗಾರರಿಬ್ಬರು ಒಂದೊಂದಾಗಿ ಚೆಂಡು ಎತ್ತುತ್ತಾರೆ. ಮೊದಲು ಬಂದ ನಂಬರಿನವರ ಮೈದಾನದಲ್ಲಿ ಮ್ಯಾಚು, ಆಮೇಲೆ ಬಂದವರು ಅಲ್ಲಿಗೆ ಹೋಗಬೇಕು. ಟೆನಿಸ್ ಪಂದ್ಯಾವಳಿಗಳಲ್ಲಿ ದೊಡ್ಡ ಆಟಗಾರರು ಬೇಗನೆ ಎದುರಾಗದಂತೆ ಶ್ರೇಯಾಂಕ ಕೊಟ್ಟು ದೂರ ಇಡುತ್ತಾರೆ. ಎಫ್‌ಎ ಕಪ್ಪಿನ ಮೂರನೇ ಸುತ್ತಿನಲ್ಲಿ ಅಂಥದ್ದೇನೂ ಇಲ್ಲ. ಆರ್ಸೆನಲ್‌ಗೆ ಮ್ಯಾಂಚೆಸ್ಟರ್ ಯುನೈಟೆಡ್ ಬರಬಹುದು, ಎಂಟನೇ ದರ್ಜೆಯ ತಂಡವೂ ಬರಬಹುದು.

ಇನ್ನೊಂದು ಸಂಗತಿ. ಸಾಮಾನ್ಯವಾಗಿ ಒಂದು ಸುತ್ತು ಮುಗಿಯುವ ಹೊತ್ತಿಗಷ್ಟೇ ಮುಂದಿನ ಸುತ್ತಿನ ಚೀಟಿ. ವಿಶ್ವಕಪ್ಪಿನಲ್ಲಿ ಇರುವಂತೆ ಫೈನಲ್ ತನಕದ ನಕಾಶೆ ಮೊದಲೇ ಬರೆದಿಟ್ಟಿರುವುದಿಲ್ಲ. ಇಂಥ ತಂಡ ಸೆಮಿಫೈನಲ್‌ನಲ್ಲಿ ಇಂಥವರನ್ನು ಎದುರಿಸುತ್ತದೆ ಅಂತ ಜನವರಿಯಲ್ಲಿ ಯಾರೂ ಹೇಳಲಾರರು.

ಚಿಕ್ಕ ಕ್ಲಬ್ಬಿನವರು ಈ ಚೀಟಿಯನ್ನು ತಮ್ಮ ಕ್ಲಬ್ ಹೌಸಿನಲ್ಲಿ ಒಟ್ಟಿಗೆ ಕೂತು ಟಿವಿಯಲ್ಲಿ ನೋಡುತ್ತಾರೆ. ತಮ್ಮ ನಂಬರು ಬಂದು, ಪಕ್ಕದಲ್ಲಿ ದೊಡ್ಡ ಕ್ಲಬ್ಬಿನ ಹೆಸರು ಬಂದಾಗ ಆ ಕೋಣೆಯಲ್ಲಿ ಏಳುವ ಕೂಗು ಕೇಳಬೇಕು. ದೊಡ್ಡ ಸ್ಟೇಡಿಯಮ್ಮಿಗೆ ಹೋಗಿ ಆಡುವುದು ಬಂದರೂ ಖುಷಿ. ಯಾಕೆಂದರೆ ಲೀಗಿನಲ್ಲಿ ಟಿಕೆಟ್ ಹಣ ಪೂರ್ತಿ ಆತಿಥೇಯರದ್ದು, ಎಫ್‌ಎ ಕಪ್ಪಿನಲ್ಲಿ ಎರಡೂ ಕ್ಲಬ್‌ಗಳು ಹಂಚಿಕೊಳ್ಳುತ್ತವೆ. ಅರವತ್ತು, ಎಪ್ಪತ್ತು ಸಾವಿರ ಜನ ಸೇರುವ ಸ್ಟೇಡಿಯಂ ಅಂದರೆ ಪಾಲು ಎಷ್ಟು ಬಂದೀತು, ಯೋಚಿಸಿ.

ಸೆಮಿಫೈನಲ್‌ಗಳಿಗೆ ಮಾತ್ರ ತವರು ಮೈದಾನ ಇಲ್ಲ. 2008ರಿಂದ ಎರಡೂ ಸೆಮಿಫೈನಲ್ ವೆಂಬ್ಲಿಯಲ್ಲೇ ನಡೆಯುತ್ತಿವೆ. ಫೈನಲ್ಲೂ ಅಲ್ಲೇ. 2007ರಲ್ಲಿ ತೆರೆದ ಈ ಹೊಸ ವೆಂಬ್ಲಿಯಲ್ಲಿ 90,000 ಜನ ಕೂರಬಹುದು.

ರೀಪ್ಲೇ ಹೋಯಿತು, ಯಾಕೆ?

ಹಳಬರು ರೀಪ್ಲೇ, ರೀಪ್ಲೇ ಅನ್ನುವುದನ್ನು ಕೇಳಿರುತ್ತೀರಿ. ಮ್ಯಾಚು ಡ್ರಾ ಆದರೆ ಇನ್ನೊಂದು ದಿನ, ಇನ್ನೊಬ್ಬರ ಮೈದಾನದಲ್ಲಿ ಮತ್ತೆ ಮೊದಲಿನಿಂದ ಆಡುವುದೇ ರೀಪ್ಲೇ. ಅದೂ ಡ್ರಾ ಆದರೆ ಮತ್ತೊಂದು. ಮೊದಲಿಗೆ ಇದಕ್ಕೆ ಮಿತಿಯೇ ಇರಲಿಲ್ಲ. 1971ರಲ್ಲಿ ಆಲ್ವ್‌ಚರ್ಚ್ ಮತ್ತು ಆಕ್ಸ್‌ಫರ್ಡ್ ಸಿಟಿ ನಾಲ್ಕನೇ ಅರ್ಹತಾ ಸುತ್ತಿನ ಒಂದೇ ಪಂದ್ಯವನ್ನು ಇತ್ಯರ್ಥ ಮಾಡಿಕೊಳ್ಳಲು ಆರು ಸಲ ಆಡಬೇಕಾಯಿತು. ಒಟ್ಟು 11 ಗಂಟೆ ಆಟ. ಕೊನೆಗೆ ಆಲ್ವ್‌ಚರ್ಚ್ 1-0ಯಿಂದ ಗೆದ್ದಿತು.

ಚಿಕ್ಕ ಕ್ಲಬ್ಬಿಗೆ ರೀಪ್ಲೇ ಅಂದರೆ ಎರಡನೇ ಸಲ ಬರುವ ಹಣ. 2005ರ ಜನವರಿಯಲ್ಲಿ ಐದನೇ ದರ್ಜೆಯಲ್ಲಿದ್ದ ಎಕ್ಸೆಟರ್ ಸಿಟಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಮೈದಾನವಾದ ಓಲ್ಡ್ ಟ್ರಾಫರ್ಡ್‌ಗೆ ಹೋಗಿ ಅವರ ಜೊತೆ 0-0 ಡ್ರಾ ಮಾಡಿಕೊಂಡಿತು. ಎಕ್ಸೆಟರ್ ಆಗ ಸಾಲದಲ್ಲಿ ಮುಳುಗಿದ್ದ ಕ್ಲಬ್ಬು. ಅಭಿಮಾನಿಗಳೇ ಟ್ರಸ್ಟ್ ಮಾಡಿಕೊಂಡು ಅದನ್ನು ಹಿಡಿದಿಟ್ಟಿದ್ದರು. ರೀಪ್ಲೇಯಲ್ಲಿ ಯುನೈಟೆಡ್ 2-0ಯಿಂದ ಗೆದ್ದಿತು, ಸರಿ. ಆದರೆ ಆ ಎರಡು ಮ್ಯಾಚಿನ ಗೇಟ್ ಹಣ, ಟಿವಿ ಹಣ ಎಕ್ಸೆಟರನ್ನು ಉಳಿಸಿತು. ಆ ಕ್ಲಬ್ಬು ಇವತ್ತಿಗೂ ಅಭಿಮಾನಿಗಳ ಕೈಯಲ್ಲೇ ಇದೆ.

2024-25ರಿಂದ ಮೊದಲ ಸುತ್ತಿನಿಂದ ಮುಂದಕ್ಕೆ ರೀಪ್ಲೇ ಇಲ್ಲ. 90 ನಿಮಿಷಕ್ಕೆ ಸಮ ಆದರೆ ಅರ್ಧ ಗಂಟೆ ಹೆಚ್ಚುವರಿ ಆಟ, ಆಗಲೂ ಸಮ ಇದ್ದರೆ ಪೆನಾಲ್ಟಿ ಒದೆತಗಳಲ್ಲಿ ತೀರ್ಮಾನ. ಅರ್ಹತಾ ಸುತ್ತುಗಳಲ್ಲಿ ಮಾತ್ರ ರೀಪ್ಲೇ ಉಳಿದಿದೆ. ಕಾರಣ ಕ್ಯಾಲೆಂಡರು. ಯುರೋಪಿನ ಪಂದ್ಯಾವಳಿಗಳು ಅದೇ ವರ್ಷ ದೊಡ್ಡದಾದವು, ದೊಡ್ಡ ಕ್ಲಬ್‌ಗಳಿಗೆ ವಾರದ ಮಧ್ಯೆ ದಿನಗಳೇ ಉಳಿಯಲಿಲ್ಲ. ಕೆಳಗಿನ ದರ್ಜೆಯ ಕ್ಲಬ್‌ಗಳು ಜೋರಾಗಿಯೇ ವಿರೋಧಿಸಿದವು. ತಮ್ಮನ್ನು ಕೇಳದೆ ತೀರ್ಮಾನ ಮಾಡಿದರು ಅನ್ನುವುದು ಅವರ ದೂರು. ನನಗೂ ಇದು ನಷ್ಟ ಅಂತಲೇ ಅನಿಸುತ್ತದೆ. ಎಕ್ಸೆಟರ್‌ಗೆ ಸಿಕ್ಕಂಥ ಎರಡನೇ ರಾತ್ರಿ ಇನ್ನು ಯಾವ ಸಣ್ಣ ಕ್ಲಬ್ಬಿಗೂ ಸಿಗುವುದಿಲ್ಲ.

ಮನೆಯಲ್ಲೇ ಕೂತು 30,000 ಜನ ಟಿಕೆಟ್ ಕೊಂಡ ಮ್ಯಾಚು

ದೂರದ ಅಭಿಮಾನಿ ಸಣ್ಣ ಕ್ಲಬ್ಬಿಗೆ ಏನು ಮಾಡಬಲ್ಲ ಅನ್ನುವುದಕ್ಕೆ ಮರೀನ್ ಕ್ಲಬ್ಬಿನ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಮರೀನ್ ಇರುವುದು ಲಿವರ್‌ಪೂಲ್ ಪಕ್ಕದ ಕ್ರಾಸ್ಬಿಯಲ್ಲಿ. 2020-21ರಲ್ಲಿ ಎಂಟನೇ ದರ್ಜೆಯಲ್ಲಿ ಆಡುತ್ತಿದ್ದ ಕ್ಲಬ್ಬು. ಎರಡನೇ ಸುತ್ತಿನಲ್ಲಿ ಹ್ಯಾವಂಟ್ ಮತ್ತು ವಾಟರ್ಲೂವಿಲ್ ಎದುರು ಹೆಚ್ಚುವರಿ ಸಮಯದ ಕಟ್ಟಕಡೆಯ ಗಳಿಗೆಯಲ್ಲಿ ಗೋಲು ಹೊಡೆದು ಮೂರನೇ ಸುತ್ತಿಗೆ ಬಂತು. ಗೋಲು ಹೊಡೆದ ನಿಯಲ್ ಕಮಿನ್ಸ್ ಶಾಲೆಯಲ್ಲಿ ಮೇಷ್ಟ್ರು. ಚೀಟಿಯಲ್ಲಿ ಬಂದದ್ದು ಪ್ರೀಮಿಯರ್ ಲೀಗಿನ ಟಾಟನ್‌ಹ್ಯಾಮ್, ಅದೂ ಮರೀನ್ ಮೈದಾನದಲ್ಲೇ. 2021ರ ಜನವರಿ 10ಕ್ಕೆ ಮ್ಯಾಚು.

ರಾಸೆಟ್ ಪಾರ್ಕ್ ಅನ್ನುವ ಆ ಮೈದಾನ ಮನೆಗಳ ನಡುವೆ ಇದೆ. ಒಂದು ಬದಿಗೆ ಸಾಲಾಗಿ ಮನೆಗಳ ಹಿತ್ತಿಲು. ಚೆಂಡು ಜೋರಾಗಿ ಒದ್ದರೆ ಯಾರದ್ದೋ ಹಿತ್ತಿಲಿಗೆ ಬೀಳುತ್ತದೆ. ಆ ಮೈದಾನಕ್ಕೆ ಟಾಟನ್‌ಹ್ಯಾಮ್‌ನ ಆಗಿನ ಮ್ಯಾನೇಜರ್ ಜೋಸೆ ಮೊರಿನ್ಯೊ ತಮ್ಮ ತಂಡ ಕರೆದುಕೊಂಡು ಬಂದರು. ಡೆಲಿ ಆಲಿ ಆಡಿದರು, ಗ್ಯಾರೆತ್ ಬೇಲ್ ಬದಲಿ ಆಟಗಾರನಾಗಿ ಬಂದರು. ಕೋವಿಡ್ ಕಾಲ, ಪ್ರೇಕ್ಷಕರಿಗೆ ಪ್ರವೇಶ ಇಲ್ಲ. ಅಕ್ಕಪಕ್ಕದ ಮನೆಯವರು ಹಿತ್ತಿಲ ಬೇಲಿಯ ಮೇಲಿಂದಲೇ ಇಣುಕಿ ನೋಡಿದರು.

ಕ್ಲಬ್ಬಿನ ಚರಿತ್ರೆಯಲ್ಲೇ ದೊಡ್ಡ ಮ್ಯಾಚು, ಆದರೆ ಗೇಟಿನಲ್ಲಿ ಒಂದು ಪೌಂಡೂ ಬರುವಂತಿಲ್ಲ. ಆಗ ಮರೀನ್‌ನವರು 10 ಪೌಂಡಿಗೆ ವರ್ಚುವಲ್ ಟಿಕೆಟ್ ಮಾರಿದರು. ಅದನ್ನು ಕೊಂಡರೆ ಒಳಗೆ ಹೋಗುವಂತಿಲ್ಲ, ಸೀಟೂ ಇಲ್ಲ. ಕ್ಲಬ್ಬಿಗೆ ಹಣ ಹೋಗುತ್ತದೆ. ಟಾಟನ್‌ಹ್ಯಾಮ್ ಅಭಿಮಾನಿಗಳು ಮುಂದೆ ಬಂದು ಕೊಂಡರು. ಒಟ್ಟು 30,000ಕ್ಕೂ ಹೆಚ್ಚು ಟಿಕೆಟ್ ಮಾರಾಟವಾಯಿತು. ಅಷ್ಟು ಜನರಲ್ಲಿ ಹತ್ತನೇ ಒಂದು ಪಾಲು ಬಂದರೂ ಆ ಮೈದಾನ ತುಂಬಿಹೋಗುತ್ತದೆ!

ಮ್ಯಾಚಿನಲ್ಲಿ ಟಾಟನ್‌ಹ್ಯಾಮ್ 5-0ಯಿಂದ ಗೆದ್ದಿತು. ಆದರೆ ಸ್ಕೋರ್ 0-0 ಇದ್ದಾಗ ಮರೀನ್‌ನ ನೀಲ್ ಕೆಂಗ್ನಿ ದೂರದಿಂದ ಒದ್ದ ಚೆಂಡು ಗೋಲಿನ ಮೇಲ್ಗಂಬಕ್ಕೆ ಬಡಿದು ಹಿಂದೆ ಬಂತು. ಆ ಕೆಲವು ಇಂಚು ಕೆಳಗೆ ಹೋಗಿದ್ದರೆ ಅಂತ ಅಲ್ಲಿನವರು ಇನ್ನೂ ಮಾತಾಡುತ್ತಿರಬಹುದು. ನನಗಂತೂ ಆ ಮ್ಯಾಚಿನಲ್ಲಿ ನೆನಪಿರುವುದು ಅದೊಂದೇ ಒದೆತ.

ನಮ್ಮ ಟಿವಿಗೆ ಯಾವ ಮ್ಯಾಚು ಬರುತ್ತದೆ?

ಎಲ್ಲಕ್ಕಿಂತ ಜಾಸ್ತಿ ಜನ ಕೇಳುವ ಪ್ರಶ್ನೆ ಇದು. ಉತ್ತರ ಅರ್ಥ ಆಗಬೇಕಾದರೆ ಪ್ರಸಾರದ ಹಕ್ಕು ಯಾರ ಕೈಯಲ್ಲಿದೆ ಅಂತ ತಿಳಿಯಬೇಕು. ಪ್ರೀಮಿಯರ್ ಲೀಗಿನ ಹಕ್ಕು ಮಾರುವುದು ಪ್ರೀಮಿಯರ್ ಲೀಗ್. ಎಫ್‌ಎ ಕಪ್ಪಿನದ್ದನ್ನು ಮಾರುವುದು ಎಫ್‌ಎ. ಇಬ್ಬರೂ ಬೇರೆ, ಒಪ್ಪಂದಗಳೂ ಬೇರೆ, ಪ್ರತಿ ದೇಶಕ್ಕೂ ಬೇರೆ ಬೇರೆ. ಹಾಗಾಗಿ ಭಾರತದಲ್ಲಿ ಈಚಿನ ವರ್ಷಗಳಲ್ಲಿ ಲೀಗ್ ಸ್ಟಾರ್ ಸ್ಪೋರ್ಟ್ಸ್‌ನಲ್ಲಿ ಬಂದರೆ ಎಫ್‌ಎ ಕಪ್ ಸೋನಿಯಲ್ಲಿ ಬಂದಿದೆ. ಅಮೆರಿಕದಲ್ಲಿ ಲೀಗ್ ಎನ್‌ಬಿಸಿಯಲ್ಲಿ, ಕಪ್ ಇಎಸ್‌ಪಿಎನ್‌ನಲ್ಲಿ. ಈ ಒಪ್ಪಂದಗಳು ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತವೆ. ಸೀಸನ್ ಶುರುವಾಗುವ ಮೊದಲು ಒಂದು ಸಲ ನೋಡಿಕೊಂಡು ದುಡ್ಡು ಕಟ್ಟುವುದು ಒಳ್ಳೆಯದು.

ಎರಡನೇ ವಿಷಯ. ಪ್ರೀಮಿಯರ್ ಲೀಗಿನ 380 ಮ್ಯಾಚುಗಳೂ ಹೊರದೇಶಗಳಿಗೆ ಸಿಗುತ್ತವೆ. ಕಪ್ಪಿನಲ್ಲಿ ಹಾಗಲ್ಲ. ಮೂರನೇ ಸುತ್ತಿನಲ್ಲೇ 32 ಮ್ಯಾಚು, ಅದರಲ್ಲಿ ಬಹುಪಾಲು ಒಂದೇ ವಾರಾಂತ್ಯದಲ್ಲಿ. ಹೊರದೇಶದ ಚಾನೆಲ್ ಅವನ್ನೆಲ್ಲ ತೋರಿಸುತ್ತದೆ ಅನ್ನುವ ಖಾತ್ರಿ ಇಲ್ಲ. ಸಹಜವಾಗಿ ದೊಡ್ಡ ಹೆಸರಿನವರು ಮೊದಲು. ನೀವು ಇಷ್ಟಪಟ್ಟ ಸಣ್ಣ ಕ್ಲಬ್ಬು ತನ್ನಂಥದ್ದೇ ಇನ್ನೊಂದು ಸಣ್ಣ ಕ್ಲಬ್ಬಿನ ಜೊತೆ ಆಡಿದರೆ ಟಿವಿಯಲ್ಲಿ ಬರುವ ಸಾಧ್ಯತೆ ಕಮ್ಮಿ.

ಚೀಟಿ ಎತ್ತಿದ ದಿನವೇ ಸಮಯ ಗೊತ್ತಾಗುವುದಿಲ್ಲ ಅನ್ನುವುದನ್ನೂ ನೆನಪಿಡಿ. ಯಾರ ಜೊತೆ ಯಾರು ಅಂತ ಗೊತ್ತಾದ ಮೇಲೆ ಬ್ರಿಟನ್ನಿನ ಚಾನೆಲ್‌ಗಳು ತಮಗೆ ಬೇಕಾದ ಮ್ಯಾಚು ಆರಿಸಿಕೊಳ್ಳುತ್ತವೆ. ಅವುಗಳನ್ನು ಶುಕ್ರವಾರ ರಾತ್ರಿಗೋ ಭಾನುವಾರ ಸಂಜೆಗೋ ಸರಿಸುತ್ತಾರೆ. ಉಳಿದವು ಮಾಮೂಲಿನಂತೆ ಶನಿವಾರ ಮಧ್ಯಾಹ್ನ ಮೂರಕ್ಕೆ.

ಈ ಮೂರು ಗಂಟೆಗೆ ಒಂದು ವಿಶೇಷ ಇದೆ. ಬ್ರಿಟನ್ನಿನಲ್ಲಿ ಶನಿವಾರ ಮಧ್ಯಾಹ್ನ 2:45ರಿಂದ 5:15ರ ತನಕ ಫುಟ್‌ಬಾಲನ್ನು ಟಿವಿಯಲ್ಲಿ ನೇರ ತೋರಿಸುವಂತಿಲ್ಲ. 1960ರ ದಶಕದಲ್ಲಿ ಬರ್ನ್ಲಿ ಕ್ಲಬ್ಬಿನ ಅಧ್ಯಕ್ಷ ಬಾಬ್ ಲಾರ್ಡ್ ಇದಕ್ಕಾಗಿ ಗಟ್ಟಿಯಾಗಿ ವಾದಿಸಿದರು. ದೊಡ್ಡ ಮ್ಯಾಚು ಟಿವಿಯಲ್ಲಿ ಬಂದರೆ ಜನ ಮನೆಯಲ್ಲೇ ಕೂರುತ್ತಾರೆ, ಊರಿನ ಸಣ್ಣ ಕ್ಲಬ್ಬಿನ ಮೈದಾನ ಖಾಲಿ ಹೊಡೆಯುತ್ತದೆ ಅನ್ನುವುದು ಅವರ ಮಾತು. ನಿಷೇಧ ಇವತ್ತಿಗೂ ಇದೆ. ಆದರೆ ಅದು ಬ್ರಿಟನ್ನಿಗೆ ಮಾತ್ರ. ಹೀಗಾಗಿ ಲಂಡನ್ನಿನಲ್ಲಿರುವ ಅಣ್ಣನಿಗೆ ಟಿವಿಯಲ್ಲಿ ಸಿಗದ ಮ್ಯಾಚು ಬಸವನಗುಡಿಯ ತಮ್ಮನಿಗೆ ಸಿಗುವುದುಂಟು.

ಇದರ ಉಲ್ಟಾ ಕೂಡ ಇದೆ. ಬಿಬಿಸಿ ಕೆಲವು ಕಪ್ ಮ್ಯಾಚುಗಳನ್ನು ಬೇರೆ ಚಂದಾ ಇಲ್ಲದೆ ತೋರಿಸುತ್ತದೆ. ಅದರ ಐಪ್ಲೇಯರ್ ಆ್ಯಪ್ ಮಾತ್ರ ಬ್ರಿಟನ್ನಿನ ಒಳಗಿರುವವರಿಗೆ, ಅದೂ ಟಿವಿ ಲೈಸೆನ್ಸ್ ಇದ್ದವರಿಗೆ.

ವಿಎಆರ್ ಬಗ್ಗೆ ಒಂದು ಮಾತು. ಅಂಪೈರ್ ತೀರ್ಪನ್ನು ಕ್ರಿಕೆಟ್ಟಿನಲ್ಲಿ ವಿಡಿಯೋದಲ್ಲಿ ನೋಡುತ್ತಾರಲ್ಲ, ಫುಟ್‌ಬಾಲಿನಲ್ಲಿ ಆ ಕೆಲಸಕ್ಕೆ ವಿಎಆರ್ ಅನ್ನುತ್ತಾರೆ. ಸಣ್ಣ ಮೈದಾನಗಳಲ್ಲಿ ಅದಕ್ಕೆ ಬೇಕಾದ ಕ್ಯಾಮೆರಾ, ತಂತಿ, ಯಂತ್ರ ಇರುವುದಿಲ್ಲ. 2024-25ರಲ್ಲಿ ಎಫ್‌ಎ ಅದನ್ನು ಐದನೇ ಸುತ್ತಿನಿಂದ ಮಾತ್ರ ಬಳಸಿತು. ಅದಕ್ಕಿಂತ ಮೊದಲಿನ ಸುತ್ತುಗಳಲ್ಲಿ ರೆಫರಿ ಕಣ್ಣಿಗೆ ಕಂಡದ್ದೇ ಕೊನೆ.

ಗಡಿಯಾರದ ಲೆಕ್ಕ

ಇಂಗ್ಲೆಂಡಿನಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸುತ್ತಾರೆ. ಮಾರ್ಚಿನ ಕೊನೇ ಭಾನುವಾರ ಒಂದು ಗಂಟೆ ಮುಂದಕ್ಕೆ, ಅಕ್ಟೋಬರಿನ ಕೊನೇ ಭಾನುವಾರ ಒಂದು ಗಂಟೆ ಹಿಂದಕ್ಕೆ. ನಾವು ತಿರುಗಿಸುವುದಿಲ್ಲ. ಹಾಗಾಗಿ ಚಳಿಗಾಲದಲ್ಲಿ ಭಾರತ ಐದೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಮುಂದೆ. ಏಳೂವರೆ, ಎಂಟೂವರೆ ಗೊಂದಲಕ್ಕೆ ಇದೇ ಕಾರಣ.

ಕಪ್ಪಿನ ಮುಖ್ಯ ಸುತ್ತುಗಳಲ್ಲಿ ಹೆಚ್ಚಿನವು ನವೆಂಬರಿನಿಂದ ಮಾರ್ಚ್ ತನಕ, ಅಂದರೆ ಐದೂವರೆ ಗಂಟೆಯ ಲೆಕ್ಕ. ಅಲ್ಲಿಯ 12:30 ನಮಗೆ ಸಂಜೆ 6. ಅಲ್ಲಿಯ ಮೂರು ನಮಗೆ ರಾತ್ರಿ 8:30. ಸಂಜೆ ಐದೂವರೆಯದ್ದು ರಾತ್ರಿ 11ಕ್ಕೆ. ಅಲ್ಲಿಯ ರಾತ್ರಿ 7:45 ಅಂದರೆ ಇಲ್ಲಿ ನಡುರಾತ್ರಿ ದಾಟಿ 1:15. ಅಲ್ಲಿ ಶುಕ್ರವಾರದ ಮ್ಯಾಚು, ನಮ್ಮ ಕ್ಯಾಲೆಂಡರಿನಲ್ಲಿ ಶನಿವಾರ. ಬೆಂಗಳೂರಿನಲ್ಲಿ ಪಬ್ಬುಗಳು ಒಂದು ಗಂಟೆಗೆ ಮುಚ್ಚುತ್ತವೆ, ಹಾಗಾಗಿ ಅದನ್ನು ಗೆಳೆಯರ ಜೊತೆ ನೋಡಬೇಕಾದರೆ ಯಾರದಾದರೂ ಮನೆಯೇ ಗತಿ.

ಕ್ವಾರ್ಟರ್ ಫೈನಲ್ ಹೊತ್ತಿಗೆ ಹುಷಾರಾಗಿರಬೇಕು. 2025ರಲ್ಲಿ ಅವು ಮಾರ್ಚ್ 29 ಮತ್ತು 30ರಂದು ಇದ್ದವು. 30ರ ನಸುಕಿನಲ್ಲೇ ಅಲ್ಲಿ ಗಡಿಯಾರ ತಿರುಗಿತು. ಶನಿವಾರದ ಮ್ಯಾಚಿಗೆ ಐದೂವರೆ ಗಂಟೆ ಕೂಡಿಸಬೇಕಿತ್ತು, ಭಾನುವಾರದ ಮ್ಯಾಚಿಗೆ ನಾಲ್ಕೂವರೆ. ಲೆಕ್ಕ ತಪ್ಪಿದರೆ ಮೊದಲ ಅರ್ಧ ಪೂರ್ತಿ ಹೋದಂತೆಯೇ. ಫೈನಲ್ ಮೇ ತಿಂಗಳಲ್ಲಿ. 2025ರದ್ದು ಅಲ್ಲಿ ಸಂಜೆ 4:30ಕ್ಕೆ, ನಮಗೆ ರಾತ್ರಿ 9ಕ್ಕೆ ಶುರುವಾಯಿತು. ಎಬೆರೆಚಿ ಎಝೆ 16ನೇ ನಿಮಿಷದಲ್ಲಿ ಹೊಡೆದ ಒಂದೇ ಗೋಲಿನಿಂದ ಪ್ಯಾಲೆಸ್ ಮ್ಯಾಂಚೆಸ್ಟರ್ ಸಿಟಿಯನ್ನು ಸೋಲಿಸಿತು. ಅದು ಆ ಕ್ಲಬ್ಬಿನ ಮೊದಲ ದೊಡ್ಡ ಟ್ರೋಫಿ.

ದುಬೈನವರೂ ಗಡಿಯಾರ ಮುಟ್ಟುವುದಿಲ್ಲ. ಅವರಿಗೆ ಚಳಿಗಾಲದಲ್ಲಿ ನಾಲ್ಕು ಗಂಟೆ, ಬೇಸಿಗೆಯಲ್ಲಿ ಮೂರು ಗಂಟೆ ವ್ಯತ್ಯಾಸ. ನ್ಯೂಜೆರ್ಸಿಯವರಿಗೆ ಮೂರು ಗಂಟೆಯ ಮ್ಯಾಚು ಬೆಳಿಗ್ಗೆ ಹತ್ತಕ್ಕೆ, ಕ್ಯಾಲಿಫೋರ್ನಿಯಾದವರಿಗೆ ಏಳಕ್ಕೆ. ಅಮೆರಿಕದಲ್ಲಿ ಗಡಿಯಾರ ತಿರುಗುವುದು ಮಾರ್ಚಿನ ಎರಡನೇ ಭಾನುವಾರ. ಹಾಗಾಗಿ ಮಾರ್ಚಿನ ನಡುವೆ ಎರಡು ಮೂರು ವಾರ ಅವರ ಲೆಕ್ಕವೂ ಒಂದು ಗಂಟೆ ಆಚೀಚೆ ಆಗುತ್ತದೆ.

ಇನ್ನೊಂದು ಕಪ್ಪೂ ಇದೆ

ಲೀಗ್ ಕಪ್ ಅಂತ ಇನ್ನೊಂದಿದೆ, 1960ರಲ್ಲಿ ಶುರುವಾದದ್ದು. ಪ್ರಾಯೋಜಕರ ಹೆಸರಿನಿಂದ ಈಗ ಅದನ್ನು ಕ್ಯಾರಬಾವೊ ಕಪ್ ಅನ್ನುತ್ತಾರೆ. ಇದಕ್ಕೆ ಮೇಲಿನ 92 ಕ್ಲಬ್‌ಗಳು ಮಾತ್ರ, ನಾನ್-ಲೀಗ್‌ನವರಿಗೆ ಜಾಗ ಇಲ್ಲ. ಮ್ಯಾಚುಗಳು ಹೆಚ್ಚಾಗಿ ವಾರದ ಮಧ್ಯೆ ರಾತ್ರಿ, ಸೆಮಿಫೈನಲ್ ಎರಡು ಮ್ಯಾಚುಗಳದ್ದು, ಫೈನಲ್ ಚಳಿಗಾಲದ ಕೊನೆಗೆ ವೆಂಬ್ಲಿಯಲ್ಲಿ. 2025ರಲ್ಲಿ ನ್ಯೂಕ್ಯಾಸಲ್ ಅದನ್ನು ಗೆದ್ದಿತು. 1955ರ ನಂತರ ಇಂಗ್ಲೆಂಡಿನ ಒಳಗೆ ಅವರಿಗೆ ಸಿಕ್ಕ ಮೊದಲ ದೊಡ್ಡ ಟ್ರೋಫಿ ಅದು. ಇದರ ಪ್ರಸಾರದ ಹಕ್ಕೂ ಬೇರೆಯೇ.

ಹಿಂಬಾಲಿಸೋದು ಹೇಗೆ, ಹೋಗಿ ನೋಡೋದು ಹೇಗೆ

ದೊಡ್ಡ ಕ್ಲಬ್ಬಿನ ಅಭಿಮಾನಿಗೆ ಜನವರಿ ತನಕ ಕಾಯುವುದಷ್ಟೇ ಕೆಲಸ. ಆದರೆ ಕಪ್ಪಿನ ರುಚಿ ನಿಜವಾಗಿ ಗೊತ್ತಾಗಬೇಕಾದರೆ ಒಂದು ಸಣ್ಣ ಕ್ಲಬ್ಬನ್ನು ಆರಿಸಿಕೊಳ್ಳಿ ಅನ್ನುತ್ತೇನೆ. ಅರ್ಹತಾ ಸುತ್ತಿನ ಪಟ್ಟಿಯನ್ನು ಎಫ್‌ಎ ತನ್ನ ವೆಬ್‌ಸೈಟಿನಲ್ಲಿ ಅಲ್ಲಿಯ ಬೇಸಿಗೆಯಲ್ಲೇ ಹಾಕುತ್ತದೆ. ಗೆಳೆಯರು ಯಾರಾದರೂ ಓದಲಿಕ್ಕೋ ಕೆಲಸಕ್ಕೋ ಹೋಗಿರುವ ಊರಿನ ಕ್ಲಬ್ಬಾದರೆ ಇನ್ನೂ ಚೆನ್ನ. ಆ ಸುತ್ತುಗಳನ್ನು ಟಿವಿಯಲ್ಲಿ ಕಾಯಬೇಡಿ. ಕ್ಲಬ್ಬಿನ ಸೋಷಿಯಲ್ ಮೀಡಿಯಾ ಖಾತೆಯಲ್ಲಿ ಯಾರೋ ಒಬ್ಬ ಸ್ವಯಂಸೇವಕ ಗೋಲಿನ ಹಿಂದೆ ನಿಂತು ಸ್ಕೋರ್ ಹಾಕುತ್ತಿರುತ್ತಾನೆ, ಅದೇ ಆಧಾರ. ಅಷ್ಟು ಮೊದಲಿನಿಂದ ಆಗದಿದ್ದರೆ ನವೆಂಬರಿನ ಮೊದಲ ಸುತ್ತಿನಿಂದ ಶುರು ಮಾಡಬಹುದು.

ಇಂಗ್ಲೆಂಡಿಗೆ ಹೋಗುವವರಿಗೆ ಕಪ್ ಮ್ಯಾಚಿನ ಟಿಕೆಟ್ ಲೀಗಿನದ್ದಕ್ಕಿಂತ ಸುಲಭವಾಗಿ ಸಿಗುವುದು ಜಾಸ್ತಿ. ಅನೇಕ ಕ್ಲಬ್‌ಗಳಲ್ಲಿ ವರ್ಷದ ಟಿಕೆಟ್ಟಿಗೆ ಕಪ್ ಮ್ಯಾಚು ಸೇರಿರುವುದಿಲ್ಲ, ಆ ಸೀಟುಗಳು ಮಾರಾಟಕ್ಕೆ ಬರುತ್ತವೆ. ಎರಡೂ ಕ್ಲಬ್‌ಗಳು ಒಪ್ಪಿ ದರ ಇಳಿಸುವುದೂ ಉಂಟು. ಎದುರಾಳಿ ಅಭಿಮಾನಿಗಳಿಗೆ ಮೈದಾನದ 15 ಶೇಕಡಾ ತನಕ ಜಾಗ ಕೊಡಬೇಕು ಅನ್ನುವುದು ಕಪ್ಪಿನ ನಿಯಮ, ಹಾಗಾಗಿ ಗದ್ದಲವೂ ಜೋರಾಗಿರುತ್ತದೆ. ಅರ್ಹತಾ ಸುತ್ತಿನ ಮ್ಯಾಚಿಗಾದರೆ ಹೆಚ್ಚಿನ ಕಡೆ ಗೇಟಿನಲ್ಲೇ ದುಡ್ಡು ಕೊಟ್ಟು ಒಳಗೆ ಹೋಗಿ ಆಟಗಾರರ ಮಾತು ಕೇಳುವಷ್ಟು ಹತ್ತಿರ ನಿಲ್ಲಬಹುದು.

ದೊಡ್ಡ ಮ್ಯಾಚಿನ ಟಿಕೆಟ್ಟನ್ನು ಬೀದಿಯಲ್ಲಿ ಮಾರುವವರ ಹತ್ತಿರವಾಗಲಿ, ಗುರುತಿಲ್ಲದ ವೆಬ್‌ಸೈಟಿನಲ್ಲಾಗಲಿ ಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಟಿಕೆಟ್ಟನ್ನು ಅನುಮತಿ ಇಲ್ಲದೆ ಮರುಮಾರಾಟ ಮಾಡುವುದು 1994ರ ಕಾನೂನಿನ ಪ್ರಕಾರ ಅಪರಾಧ. ಅಂಥ ಟಿಕೆಟ್ ಹಿಡಿದು ಹೋದರೆ ಗೇಟಿನಲ್ಲಿ ತಡೆಯಬಹುದು. ಕ್ಲಬ್ಬಿನ ಸ್ವಂತ ವೆಬ್‌ಸೈಟಿನಲ್ಲಿ ಸದಸ್ಯರಾಗಿ ಅಲ್ಲೇ ಕೊಳ್ಳಿ. ವಿಮಾನದ ಟಿಕೆಟ್ ಮಾಡುವಾಗ ಮ್ಯಾಚಿನ ಆಚೆ ಈಚೆ ಎರಡು ದಿನ ಬಿಟ್ಟುಕೊಳ್ಳಿ. ಶನಿವಾರದ್ದು ಸೋಮವಾರ ರಾತ್ರಿಗೆ ಹೋದರೂ ಹೋಗಬಹುದು.